ಸಿಯೆನಾ ಸೀಮೆಯಲ್ಲಿ ಬಿಡಾರ ಎಲ್ಲಿ ಹೂಡಬೇಕು? ಐದು ನೆಲೆಗಳ ಹೋಲಿಕೆ

ಇಟಲಿಯ ಟಸ್ಕನಿಗೆ ಹೊರಟವರು ನೋಡಬೇಕಾದ ಊರುಗಳ ಪಟ್ಟಿಯನ್ನು ಮೊದಲು ಬರೆದುಕೊಂಡು, ರಾತ್ರಿ ತಂಗುವ ಜಾಗವನ್ನು ಕೊನೆಗೆ ಹುಡುಕುವುದು ರೂಢಿ. ಸಿಯೆನಾ ಪ್ರಾಂತ್ಯದ ಮಟ್ಟಿಗೆ ಈ ಕ್ರಮವನ್ನು ತಿರುವುಮುರುವು ಮಾಡುವುದು ಒಳ್ಳೆಯದು. ಈ ಒಂದೇ ಪ್ರಾಂತ್ಯದೊಳಗೆ ಯುನೆಸ್ಕೊ ಗುರುತಿಸಿದ ನಾಲ್ಕು ವಿಶ್ವ ಪರಂಪರೆಯ ತಾಣಗಳಿವೆ: ಸಾನ್ ಜಿಮಿನ್ಯಾನೊ (1990), ಸಿಯೆನಾ ನಗರ (1995), ಪಿಯೆಂತ್ಸಾ (1996) ಮತ್ತು ವಾಲ್ ದೊರ್ಚಾ ಕಣಿವೆ (2004). ನಕ್ಷೆಯಲ್ಲಿ ನೋಡಿದರೆ ಇವೆಲ್ಲ ಅಕ್ಕಪಕ್ಕದ ಊರುಗಳಂತೆ ತೋರುತ್ತವೆ. ಸಿಯೆನಾದಿಂದ ಸಾನ್ ಜಿಮಿನ್ಯಾನೊ ವಾಯವ್ಯಕ್ಕೆ ಸುಮಾರು 40 ಕಿಲೋಮೀಟರ್, ಪಿಯೆಂತ್ಸಾ ಆಗ್ನೇಯಕ್ಕೆ ಸುಮಾರು 55 ಕಿಲೋಮೀಟರ್. ಆದರೆ ದಾರಿಗಳು ಗುಡ್ಡದಿಂದ ಗುಡ್ಡಕ್ಕೆ ಏರಿಳಿಯುವಂಥವು, ಹಳ್ಳಿಗಳ ಬಸ್ಸುಗಳು ಮುಖ್ಯವಾಗಿ ಶಾಲಾ ಮಕ್ಕಳಿಗೂ ಕೆಲಸಕ್ಕೆ ಹೋಗುವವರಿಗೂ ಹೊಂದಿಸಿದಂಥವು, ಭಾನುವಾರವಂತೂ ಅವು ಬಹಳ ಕಡಿಮೆ. ಹೀಗಾಗಿ ಎಲ್ಲಿ ಮಲಗಿ ಏಳುತ್ತೀರಿ ಎಂಬುದೇ ಇಲ್ಲಿ ಏನನ್ನು ನೋಡುತ್ತೀರಿ ಎಂಬುದನ್ನು ಮುಕ್ಕಾಲುಪಾಲು ತೀರ್ಮಾನಿಸಿಬಿಡುತ್ತದೆ.

ಆದ್ದರಿಂದ ಮೊದಲ ಪ್ರಶ್ನೆ ಊರಿನದಲ್ಲ, ಕಾರಿನದು. ಕಾರು ಓಡಿಸುವವರಿಗೆ ಒಂದು ಉತ್ತರ, ಓಡಿಸದವರಿಗೆ ಬೇರೆಯದೇ ಉತ್ತರ. ಭಾರತದ ಚಾಲನಾ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಊರು ಬಿಡುವ ಮೊದಲೇ ಮಾಡಿಸಿಕೊಂಡಿರಬೇಕು. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ಇವೆರಡೂ ಬಲ್ಲವರಿಗೆ ಹೊಸದೇನಲ್ಲ. ನಿಜವಾದ ತಲೆನೋವು ಹಳೆಯ ಊರುಗಳ ಬಾಗಿಲಲ್ಲಿರುವ, ಬಿಳಿಯ ಬಿಲ್ಲೆಯ ಸುತ್ತ ಕೆಂಪು ವೃತ್ತವಿರುವ ಫಲಕ. ಅದರ ಮೇಲಿನ ‘ಜೆಡ್‌ಟಿಎಲ್’ ಎಂಬ ಮೂರಕ್ಷರಗಳ ಅರ್ಥ, ಇಲ್ಲಿಂದಾಚೆಗೆ ಅನುಮತಿ ಪಡೆದ ವಾಹನಗಳಿಗೆ ಮಾತ್ರ ಪ್ರವೇಶ ಎಂದು. ತಡೆಗೋಲಿಲ್ಲ, ಪೊಲೀಸರಿಲ್ಲ, ಮೇಲೊಂದು ಕ್ಯಾಮೆರಾ ಮಾತ್ರ. ಒಂದು ಬೆಟ್ಟದೂರಿನಲ್ಲಿ ಕಾರು ತಿರುಗಿಸಿಕೊಳ್ಳಲು ಜಾಗ ಸಿಗದೆ ನಾನು ಅಂಥ ಬಾಗಿಲನ್ನು ಎರಡೇ ನಿಮಿಷ ದಾಟಿದ್ದೆ. ಊರಿಗೆ ಮರಳಿ ತಿಂಗಳುಗಳು ಕಳೆದ ಮೇಲೆ, ಪ್ರವಾಸದ ಫೋಟೋಗಳೂ ಮರೆತುಹೋಗಿದ್ದ ಹೊತ್ತಿನಲ್ಲಿ, ದಂಡದ ಪತ್ರ ಮನೆಗೆ ಬಂತು. ನನ್ನ ವಿಳಾಸವನ್ನು ಒದಗಿಸಿಕೊಟ್ಟದ್ದಕ್ಕೆ ಕಾರು ಬಾಡಿಗೆಗೆ ಕೊಟ್ಟವರು ಬೇರೆ ಶುಲ್ಕ ಹಿಡಿದಿದ್ದರು. ಗೋಡೆಯ ಹೊರಗಿನ ನಿಲುಗಡೆಯಲ್ಲಿ ಕಾರು ಬಿಟ್ಟು ನಡೆದುಹೋಗುವುದನ್ನು ನಿಯಮವನ್ನಾಗಿ ಇಟ್ಟುಕೊಂಡರೆ ಈ ಗೊಡವೆಯೇ ಇಲ್ಲ.

ಕಾರು ಬೇಡ ಎನ್ನುವವರಿಗೆ ಸಿಯೆನಾ ನಗರವನ್ನು ಬಿಟ್ಟರೆ ಬೇರೆ ಆಯ್ಕೆಯನ್ನು ನಾನು ಸೂಚಿಸಲಾರೆ. ಫ್ಲಾರೆನ್ಸಿನಿಂದ ಬರುವ ವೇಗದ ಬಸ್ಸು ಸುಮಾರು ಒಂದೂಕಾಲು ಗಂಟೆಯಲ್ಲಿ ಹಳೆಯ ಊರಿನ ಅಂಚಿಗೇ ತಂದು ಇಳಿಸುತ್ತದೆ. ರೈಲು ಸುಮಾರು ಒಂದೂವರೆ ಗಂಟೆ ತೆಗೆದುಕೊಳ್ಳುವುದಲ್ಲದೆ ನಿಲ್ದಾಣ ಗುಡ್ಡದ ಕೆಳಗಿದೆ. ಅಲ್ಲಿಂದ ಮೇಲಕ್ಕೆ ಸಾಲು ಸಾಲು ಎಸ್ಕಲೇಟರುಗಳಿದ್ದರೂ ಪೆಟ್ಟಿಗೆ ಹೊತ್ತವರಿಗೆ ಬಸ್ಸೇ ಮೇಲು. ಒಳಗೆ ಬಂದ ಮೇಲೆ ಎಲ್ಲವೂ ಕಾಲ್ನಡಿಗೆಯ ದೂರ, ಆದರೆ ಸಮತಟ್ಟಾದ ಬೀದಿ ಅಪರೂಪ. ಮಂಡಿನೋವಿನ ಹಿರಿಯರನ್ನು ಕರೆದೊಯ್ಯುವವರು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಿಯೆನಾದ ಹೃದಯ ಕಾಂಪೊ ಚೌಕ. ಚಿಪ್ಪಿನಾಕಾರದಲ್ಲಿ ಇಳಿಜಾರಾಗಿ ಹರಡಿರುವ ಇಟ್ಟಿಗೆಯ ಆ ನೆಲವನ್ನು ಬಿಳಿಕಲ್ಲಿನ ಗೆರೆಗಳು ಒಂಬತ್ತು ಭಾಗ ಮಾಡುತ್ತವೆ. 1287ರಿಂದ 1355ರವರೆಗೆ ನಗರವನ್ನಾಳಿದ ಒಂಬತ್ತು ಮಂದಿಯ ಸಭೆಯ ಗುರುತು ಅದು. ಆ ಸಭೆಯವರು ಚೌಕದ ಅಂಚಿನ ಪುರಭವನದಲ್ಲಿ ತಾವು ಕೂರುವ ಕೋಣೆಯ ಗೋಡೆಗಳ ಮೇಲೆ 1338–39ರಲ್ಲಿ ಅಂಬ್ರೋಜೊ ಲೊರೆನ್ಸೆತ್ತಿಯಿಂದ ಒಳ್ಳೆಯ ಆಡಳಿತ ಮತ್ತು ಕೆಟ್ಟ ಆಡಳಿತದ ಭಿತ್ತಿಚಿತ್ರಗಳನ್ನು ಬರೆಸಿದರು. ಒಂದು ಗೋಡೆಯ ಎಡಭಾಗದಲ್ಲಿ ನಗರ: ಅಂಗಡಿ, ಚಪ್ಪಲಿ ಹೊಲಿಯುವವನು, ಕುಣಿಯುವವರು, ಮನೆಯ ಮೇಲೆ ಗಾರೆ ಕೆಲಸದವರು. ನಗರದ ಬಾಗಿಲಿನಾಚೆ ಬಲಭಾಗದಲ್ಲಿ ಹೊಲ, ದ್ರಾಕ್ಷಿ ಸಾಲು, ಕೊಯ್ಲು, ಹೇರು ಹೊತ್ತ ಕತ್ತೆಗಳು. ಈ ಪ್ರಾಂತ್ಯದ ಬಗ್ಗೆ ಓದುವುದಿದ್ದರೆ ಮೊದಲು ಈ ಗೋಡೆಯನ್ನೇ ಓದಬೇಕು. ಏಕೆಂದರೆ ಇಂದು ನಾವು ‘ಟಸ್ಕನಿಯ ನಿಸರ್ಗ’ ಎಂದು ಮೆಚ್ಚುವುದು ನಿಸರ್ಗಕ್ಕಿಂತ ಹೆಚ್ಚಾಗಿ ಸಿಯೆನಾದ ಹಣವಂತರೂ ಆಳುವವರೂ 14 ಮತ್ತು 15ನೇ ಶತಮಾನಗಳಲ್ಲಿ ಯೋಚಿಸಿ ತಿದ್ದಿದ ಹೊಲಗದ್ದೆಗಳ ಏರ್ಪಾಡು.

ಕೆಥೆಡ್ರಲ್ಲಿನ ಮಾತೂ ಅಷ್ಟೇ. ಇದ್ದ ದೇವಾಲಯವನ್ನು ಕೇವಲ ಅಡ್ಡತೋಳಾಗಿಸಿಕೊಳ್ಳುವಷ್ಟು ದೊಡ್ಡದೊಂದು ಹೊಸ ಕೆಥೆಡ್ರಲ್ ಕಟ್ಟಲು 1339ರಲ್ಲಿ ತೀರ್ಮಾನಿಸಿದರು. 1348ರ ಪ್ಲೇಗು ಬಂದು ಕೆಲಸ ನಿಂತಿತು. ಒಂಟಿಯಾಗಿ ನಿಂತ ಆ ಅರೆಗೋಡೆಯ ಮೇಲೆ ಹತ್ತಿದರೆ ಇಡೀ ಊರು ಕೆಂಗಂದು ಹೆಂಚುಗಳಾಗಿ ಹರಡಿಕೊಳ್ಳುತ್ತದೆ. ಕಾಂಪೊ ಚೌಕದಲ್ಲಿರುವ 400ರಷ್ಟು ಮೆಟ್ಟಿಲಿನ ಮಾಂಜಾ ಗೋಪುರಕ್ಕಿಂತ ಇದನ್ನೇ ನಾನು ಆಯ್ದುಕೊಳ್ಳುತ್ತೇನೆ, ಏಕೆಂದರೆ ಇಲ್ಲಿಂದ ಆ ಗೋಪುರವೂ ಕಾಣುತ್ತದೆ. ಕೆಥೆಡ್ರಲ್ಲಿನ ನೆಲದ ಅಮೃತಶಿಲೆಯ ಚಿತ್ರಗಳನ್ನು ವರ್ಷದ ಬಹುಕಾಲ ಮುಚ್ಚಿಟ್ಟಿರುತ್ತಾರೆ. ತೆರೆದಿಡುವ ಬೇಸಿಗೆಯ ವಾರಗಳು ಯಾವುವೆಂದು ನೋಡಿಕೊಂಡು ಹೋದರೆ ಲಾಭ.

ಜುಲೈ 2 ಮತ್ತು ಆಗಸ್ಟ್ 16ರಂದು ನಡೆಯುವ ಪಾಲಿಯೊ ಕುದುರೆ ಓಟದ ಬಗ್ಗೆ ಒಂದು ಎಚ್ಚರಿಕೆ. ಊರಿನ 17 ಕೇರಿಗಳಲ್ಲಿ ಪ್ರತಿ ಬಾರಿಯೂ ಹತ್ತು ಕೇರಿಗಳು ಓಡುತ್ತವೆ, ಜೀನಿಲ್ಲದ ಕುದುರೆಗಳು ಚೌಕವನ್ನು ಮೂರು ಸುತ್ತು ಹಾಕುತ್ತವೆ, ಸವಾರ ಬಿದ್ದರೂ ಕುದುರೆ ಮೊದಲು ಮುಟ್ಟಿದರೆ ಗೆಲುವೇ. ಓಟ ಒಂದೂವರೆ ನಿಮಿಷದಲ್ಲಿ ಮುಗಿಯುತ್ತದೆ. ಚೌಕದ ನಡುವೆ ಉಚಿತವಾಗಿ ನಿಲ್ಲುವವರು ಅದಕ್ಕಾಗಿ ಬಿಸಿಲಿನಲ್ಲಿ ಗಂಟೆಗಟ್ಟಲೆ ಕಾಯಬೇಕು. ಇದು ಪ್ರವಾಸಿಗರಿಗಾಗಿ ಏರ್ಪಡಿಸಿದ ಆಟವಲ್ಲ, ಕೇರಿಗಳವರು ತಮ್ಮ ಪಾಲಿಗೆ ನಡೆಸುವ ಹಬ್ಬ. ಓಟದ ಹುಚ್ಚಿಲ್ಲದವರು ಆ ದಿನಗಳಲ್ಲಿ ನಗರದಲ್ಲಿ ಕೋಣೆ ಹಿಡಿಯದಿರುವುದೇ ಲೇಸು.

ಕಾರು ಇದೆ ಎಂದಾದರೆ ನನ್ನ ಮತ ವಾಲ್ ದೊರ್ಚಾದ ಕಡೆಗೆ. ಓರ್ಚಾ ನದಿಯ ಈ ಕಣಿವೆಯಲ್ಲಿ ದಿಗಂತಕ್ಕೆ 1,738 ಮೀಟರ್ ಎತ್ತರದ ಅಮಿಯಾತಾ ಬೆಟ್ಟ, ಅದರ ಮುಂದೆ ಒಂದರ ಬೆನ್ನಿಗೊಂದು ದುಂಡಗಿನ ದಿಬ್ಬಗಳು, ದಿಬ್ಬದ ನೆತ್ತಿಗೊಂದು ಕಲ್ಲಿನ ಮನೆ, ಮನೆಗೆ ಹೋಗುವ ದಾರಿಯ ಇಕ್ಕೆಲಗಳಲ್ಲಿ ಸೈಪ್ರೆಸ್ ಮರಗಳು. ಆ ಮನೆಗಳಲ್ಲಿ ಬಹುಪಾಲು ಹಿಂದೆ ಅರ್ಧಪಾಲಿಗೆ ಉಳುವ ರೈತ ಕುಟುಂಬಗಳಿದ್ದವು: ಭೂಮಿ ಒಡೆಯನದು, ದುಡಿಮೆ ಒಕ್ಕಲಿನದು, ಬೆಳೆ ಇಬ್ಬರಿಗೂ ಸಮ. ಎರಡನೆಯ ಮಹಾಯುದ್ಧದ ನಂತರ ಒಕ್ಕಲುಗಳು ಕಾರ್ಖಾನೆಯೂರುಗಳ ದಾರಿ ಹಿಡಿದರು, 1964ರ ಕಾನೂನು ಹೊಸದಾಗಿ ಅಂಥ ಕರಾರು ಮಾಡಿಕೊಳ್ಳುವುದನ್ನೇ ನಿಷೇಧಿಸಿತು. ಬರಿದಾದ ಹೊಲಗಳಿಗೆ ಸಾರ್ಡಿನಿಯಾ ದ್ವೀಪದಿಂದ ಕುರಿಗಾಹಿಗಳು ಮಂದೆಗಳೊಂದಿಗೆ ಬಂದು ನೆಲೆಸಿದರು. ಇಂದಿನ ಪಿಯೆಂತ್ಸಾದ ಕುರಿಹಾಲಿನ ಪೆಕೊರಿನೊ ಚೀಸಿನ ಹೆಸರು ಉಳಿದುಬಂದದ್ದರಲ್ಲಿ ಅವರ ಪಾಲು ದೊಡ್ಡದು. ಬರಿದಾದ ಮನೆಗಳೋ ‘ಅಗ್ರಿತುರಿಸ್ಮೊ’ ಎಂಬ ಹೊಲಮನೆಯ ವಸತಿಗಳಾದವು. ಅಡುಗೆಮನೆ ಇರುವ ಅಂಥದೊಂದನ್ನು ಹಿಡಿದರೆ, ಊರಿಂದ ಒಯ್ದ ಸಾರಿನ ಪುಡಿಗೂ ಒಂದು ದಾರಿಯಾಗುತ್ತದೆ.

ಕಣಿವೆಯೊಳಗೆ ಯಾವ ಊರು ಎಂಬುದು ಮುಂದಿನ ಪ್ರಶ್ನೆ. ಪಿಯೆಂತ್ಸಾ ಒಬ್ಬನ ಆಸೆಯಿಂದ ಹುಟ್ಟಿದ ಊರು. ಕೊರ್ಸಿನ್ಯಾನೊ ಎಂಬ ಹಳ್ಳಿಯಲ್ಲಿ 1405ರಲ್ಲಿ ಹುಟ್ಟಿದ ಎನಿಯಾ ಸಿಲ್ವಿಯೊ ಪಿಕ್ಕೊಲೊಮಿನಿ, ಎರಡನೆಯ ಪಿಯುಸ್ ಎಂಬ ಹೆಸರಿನಲ್ಲಿ ಪೋಪ್ ಆದ ಮೇಲೆ, ವಾಸ್ತುಶಿಲ್ಪಿ ಬೆರ್ನಾರ್ದೊ ರೊಸೆಲ್ಲಿನೊನನ್ನು ಕರೆಸಿ 1459ರಿಂದ ಮೂರ್ನಾಲ್ಕು ವರ್ಷಗಳಲ್ಲಿ ಚೌಕ, ಕೆಥೆಡ್ರಲ್, ಅರಮನೆಗಳನ್ನು ಕಟ್ಟಿಸಿ ಹಳ್ಳಿಗೆ ತನ್ನ ಹೆಸರಿಟ್ಟ. ಬೆಳಕಿಗಾಗಿ ಕೆಥೆಡ್ರಲ್ಲಿನ ಹಿಂಬದಿಯನ್ನು ಕಣಿವೆಯ ಅಂಚಿಗೆ ತಂದು ನಿಲ್ಲಿಸಿದ್ದರಿಂದ ತಳದ ಮಣ್ಣು ಜಗ್ಗಿ ಗೋಡೆಗಳು ಬಿರುಕುಬಿಟ್ಟವು. ಒಳಗೆ ಹೋದವರ ಪಾದಕ್ಕೆ ನೆಲದ ಇಳಿಜಾರು ತಿಳಿಯುತ್ತದೆ. ಊರು ಚಿಕ್ಕದು, ಮುಖ್ಯ ಬೀದಿ ಬಹುತೇಕ ಸಮತಟ್ಟು. ಹಿರಿಯರಿರುವ ಕುಟುಂಬಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಅನುಕೂಲವಾದ ಬೆಟ್ಟದೂರು ಇಲ್ಲ. ಆದರೆ ಹಗಲು ಹನ್ನೊಂದರಿಂದ ನಾಲ್ಕರವರೆಗೆ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಅಲ್ಲಿಂದ 10 ಕಿಲೋಮೀಟರ್ ದೂರದ ಸಾನ್ ಕ್ವಿರಿಕೊ ದೊರ್ಚಾದಲ್ಲಿ ನೋಡುವಂಥದ್ದು ಕಡಿಮೆ, ಬಾಳುವೆ ಹೆಚ್ಚು. ಅಂಗಡಿ, ಔಷಧಾಲಯ, ಹರಟೆ ಹೊಡೆಯುವ ಮುದುಕರು ಎಲ್ಲರೂ ಇದ್ದಾರೆ. ಇಲ್ಲಿ ಬಿಡಾರ ಹೂಡಿದರೆ ಪಿಯೆಂತ್ಸಾವನ್ನು ಬೆಳಗಿನ ಎಂಟಕ್ಕೆ ಮುಟ್ಟಬಹುದು. ಊರಚೌಕದ ಜಾಗದಲ್ಲಿ ಬಿಸಿನೀರಿನ ಕೊಳವೇ ಇರುವ ಬಾನ್ಯೊ ವಿನ್ಯೋನಿಗೆ ಐದೇ ಕಿಲೋಮೀಟರ್. ಆ ಕೊಳಕ್ಕೆ ಇಳಿಯುವಂತಿಲ್ಲ, ಹರಿದುಹೋಗುವ ಕಾಲುವೆಯ ನೀರಿನಲ್ಲಿ ಕಾಲಿಟ್ಟು ಕೂರಬಹುದು. ನನ್ನನ್ನು ಕೇಳಿದರೆ ಕಣಿವೆಯ ನೆಲೆ ಸಾನ್ ಕ್ವಿರಿಕೊವೇ.

ಮೊಂತಾಲ್ಚೀನೊ ಮತ್ತು ಮೊಂತೆಪುಲ್ಚಾನೊ ಎರಡೂ ವೈನಿನ ಊರುಗಳು, ಹೆಸರುಗಳೂ ಕಲಸಿಹೋಗುವಂಥವು. ಮೊದಲನೆಯದು ಬ್ರುನೆಲ್ಲೊದ ಊರು: ಸಾಂಜೊವೇಸೆ ಎಂಬ ಒಂದೇ ತಳಿಯ ದ್ರಾಕ್ಷಿ, ಕೊಯ್ಲಾದ ಐದನೆಯ ವರ್ಷದ ಜನವರಿಗೆ ಮೊದಲು ಮಾರುಕಟ್ಟೆಗೆ ಬಿಡುವಂತಿಲ್ಲ, ಆದ್ದರಿಂದಲೇ ದುಬಾರಿ. 1555ರಲ್ಲಿ ಸಿಯೆನಾ ಶರಣಾದ ಮೇಲೂ ಅಲ್ಲಿಂದ ತಪ್ಪಿಸಿಕೊಂಡವರು ಇಲ್ಲಿನ ಕೋಟೆಯಲ್ಲಿ ನಾಲ್ಕು ವರ್ಷ ತಮ್ಮ ಗಣರಾಜ್ಯವನ್ನು ಉಳಿಸಿಕೊಂಡಿದ್ದರು. ಎರಡನೆಯದು 600 ಮೀಟರ್ ಎತ್ತರದಲ್ಲಿದೆ, ಅದರ ಮುಖ್ಯ ಬೀದಿ ಒಂದೇ ಸಮನೆ ಏರು. ಕುಡಿಯದವರಿಗೂ ಹೋಗಲು ಕಾರಣವಿರುವುದು ಮೊಂತೆಪುಲ್ಚಾನೊಗೆ: ಊರ ಹೊರಗಿನ ಇಳಿಜಾರಿನಲ್ಲಿ, ಹಿರಿಯ ಅಂತೋನಿಯೊ ದಾ ಸಾಂಗಲ್ಲೊ 1518ರಲ್ಲಿ ಶುರುಮಾಡಿದ ಸಾನ್ ಬ್ಯಾಜೊ ಚರ್ಚು ಹುಲ್ಲಿನ ಮೇಲೆ ಯಾರೋ ಇಟ್ಟುಹೋದಂತೆ ನಿಂತಿದೆ. ಫ್ಲಾರೆನ್ಸ್–ರೋಮ್ ರೈಲುಮಾರ್ಗದ ಕಿಯೂಸಿ ನಿಲ್ದಾಣ ಇಲ್ಲಿಂದ ಸುಮಾರು 20 ಕಿಲೋಮೀಟರ್, ಹಾಗಾಗಿ ರೋಮಿನಿಂದ ಬರುವವರಿಗೆ ಇದು ಒಳ್ಳೆಯ ಬಾಗಿಲು.

ಸಾನ್ ಜಿಮಿನ್ಯಾನೊ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಒಂದು ಕಾಲಕ್ಕೆ 72 ಗೋಪುರಮನೆಗಳಿದ್ದವಂತೆ, ಈಗ ಉಳಿದಿರುವುದು 14ರ ಆಸುಪಾಸು. ಶ್ರೀಮಂತ ಮನೆತನಗಳು ಪೈಪೋಟಿಗೆ ಬಿದ್ದು ಎತ್ತರಿಸಿದ ಕಲ್ಲುಗಳವು. ಕೇಸರಿಯ ವ್ಯಾಪಾರದಿಂದಲೂ ರೋಮಿನ ಯಾತ್ರಿಕರ ದಾರಿಯಿಂದಲೂ ಬೆಳೆದ ಊರು 1348ರ ಪ್ಲೇಗಿನ ನಂತರ ಫ್ಲಾರೆನ್ಸಿಗೆ ಅಧೀನವಾಗಿ, ಬಡತನದಿಂದಾಗಿ ಹಳೆಯದನ್ನು ಕೆಡವಲಾರದೆ ಉಳಿಸಿಕೊಂಡಿತು. ಅರ್ಧ ದಿನಕ್ಕೆ ಬಂದುಹೋಗುವವರೇ ಇಲ್ಲಿ ತುಂಬಿರುತ್ತಾರೆ. ಅದರಿಂದ ಬೇಸರಗೊಂಡು ಈ ಊರನ್ನು ಬಯ್ಯುವವರೂ ಅರ್ಧ ದಿನಕ್ಕೆ ಬಂದವರೇ. ಬಂದರೆ ಒಂದು ರಾತ್ರಿ ಇರಬೇಕು, ಇಲ್ಲವಾದರೆ ಬಿಟ್ಟುಬಿಡಬಹುದು. ರೈಲಿಲ್ಲ; ಪೊಜ್ಜಿಬೊನ್ಸಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು.

ಕಿಯಾಂತಿ ಬೇರೆಯದೇ ಬಗೆಯ ಸೀಮೆ. ವಾಲ್ ದೊರ್ಚಾ ಬಯಲಾದರೆ ಇದು ಕಾಡು: ಓಕ್ ಮರಗಳ ನಡುವೆ ತೆರವು ಮಾಡಿದ ದ್ರಾಕ್ಷಿ ತೋಟಗಳು. ಫ್ಲಾರೆನ್ಸ್ ಮತ್ತು ಸಿಯೆನಾ ಶತಮಾನಗಟ್ಟಲೆ ಇದಕ್ಕಾಗಿ ಕಾದಾಡಿದವು. ಗಡಿ ಗೊತ್ತುಮಾಡಲು ಕೋಳಿ ಕೂಗಿದ ಕೂಡಲೇ ಎರಡೂ ಊರುಗಳಿಂದ ಒಬ್ಬೊಬ್ಬ ಸವಾರ ಹೊರಡಬೇಕು, ಎದುರುಬದುರಾದ ಜಾಗವೇ ಗಡಿ ಎಂದು ಒಪ್ಪಂದವಾಯಿತಂತೆ. ಸಿಯೆನಾದವರು ಬಿಳಿ ಹುಂಜಕ್ಕೆ ಹೊಟ್ಟೆತುಂಬ ತಿನ್ನಿಸಿದರು, ಫ್ಲಾರೆನ್ಸಿನವರು ಕರಿ ಹುಂಜವನ್ನು ಉಪವಾಸ ಕೆಡವಿದರು. ಹಸಿದ ಹುಂಜ ನಸುಕಿಗೂ ಮೊದಲೇ ಕೂಗಿ, ಫ್ಲಾರೆನ್ಸಿನ ಸವಾರ ಸಿಯೆನಾದಿಂದ 12 ಕಿಲೋಮೀಟರ್‌ವರೆಗೂ ಬಂದುಬಿಟ್ಟ. ದಂತಕಥೆಯೇ ಇರಲಿ, ಕಿಯಾಂತಿ ಕ್ಲಾಸಿಕೊ ವೈನಿನ ಶೀಶೆಯ ಕೊರಳಿನ ಮೇಲೆ ಇಂದಿಗೂ ಆ ಕರಿಹುಂಜವಿದೆ. ಕಾಸ್ತೆಲ್ಲಿನಾ, ರಾದ್ದಾ, ಗಾಯೊಲೆ ಸಿಯೆನಾ ಪ್ರಾಂತ್ಯದವು. ಹೆಸರುವಾಸಿಯಾದ ಗ್ರೇವೆ ಫ್ಲಾರೆನ್ಸಿಗೆ ಸೇರಿದ್ದು. ವೈನಿನಲ್ಲಿ ಆಸಕ್ತಿಯುಳ್ಳ ಇಬ್ಬರಿಗೋ ನಾಲ್ವರಿಗೋ, ಸೈಕಲ್ ತುಳಿಯುವವರಿಗೋ ಈ ಭಾಗ ಹೇಳಿಮಾಡಿಸಿದ್ದು. ಗಾಯೊಲೆಯಲ್ಲಿ 1997ರಿಂದ ಪ್ರತಿ ಅಕ್ಟೋಬರಿನಲ್ಲಿ ಹಳೆಯ ಸೈಕಲ್ಲುಗಳ ಮಣ್ಣುದಾರಿಯ ಓಟ ‘ಲೆರೊಯಿಕಾ’ ನಡೆಯುತ್ತದೆ. ಮಕ್ಕಳಿರುವ, ವೈನು ಮುಟ್ಟದ ಕುಟುಂಬಕ್ಕೆ ಇಲ್ಲಿ ಮೂರನೆಯ ದಿನ ಏನು ಮಾಡುವುದೆಂದು ತೋಚುವುದಿಲ್ಲ. ರುಚಿ ನೋಡಿ ಕಾರು ಓಡಿಸುವವರು ಒಂದನ್ನು ನೆನಪಿಡಬೇಕು: ಇಟಲಿಯಲ್ಲಿ ರಕ್ತದಲ್ಲಿನ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ.

ಸಿಯೆನಾಕ್ಕೂ ವಾಲ್ ದೊರ್ಚಾಕ್ಕೂ ನಡುವೆ ಬರುವ ಕ್ರೆತೆ ಸೆನೆಸಿಯನ್ನು ಜನ ದಾರಿಯೆಂದಷ್ಟೇ ಬಳಸುತ್ತಾರೆ. ಬೂದುಬಣ್ಣದ ಜೇಡಿಮಣ್ಣಿನ ಬೋಳುದಿಬ್ಬಗಳ ಈ ಭೂಮಿ ಎಲ್ಲರಿಗೂ ಹಿಡಿಸುವುದಿಲ್ಲ. ಎರಡು ಊಟದ ನಡುವೆ ಮೌನ ಬೇಕೆನ್ನುವವರು ಆಶಾನೊ ಆಸುಪಾಸಿನ ಹೊಲಮನೆಯೊಂದನ್ನು ನೋಡಲಿ. ಇಲ್ಲಿನ ಮೊಂತೆ ಒಲಿವೆತೊ ಮಜ್ಜೊರೆ ಮಠದ ಒಳಾಂಗಣದ ಸುತ್ತ ಲೂಕಾ ಸಿನ್ಯೊರೆಲ್ಲಿ ಆರಂಭಿಸಿ, ಸೊದೊಮಾ ಎಂಬ ಅಡ್ಡಹೆಸರಿನ ಕಲಾವಿದ 1505ರಿಂದ ಮುಂದುವರಿಸಿದ ಸಂತ ಬೆನೆಡಿಕ್ಟನ ಬದುಕಿನ ಚಿತ್ರಮಾಲೆಯಿದೆ. ಒಂದು ಚಿತ್ರದಲ್ಲಿ ಸೊದೊಮಾ ತನ್ನನ್ನೇ ಬರೆದುಕೊಂಡಿದ್ದಾನೆ. ಜರಿಯಂಗಿ ತೊಟ್ಟು ನಿಂತ ಅವನ ಕಾಲಬಳಿ ಅವನ ಸಾಕುಪ್ರಾಣಿಗಳಾದ ಬ್ಯಾಜರುಗಳು.

ಕಾಲದ ಆಯ್ಕೆಯೂ ನೆಲೆಯ ಆಯ್ಕೆಯಷ್ಟೇ ಮುಖ್ಯ. ಚಿತ್ರಪಟಗಳಲ್ಲಿ ಕಾಣುವ ಹಸಿರು ಅಲೆಗಳು ಏಪ್ರಿಲ್–ಮೇ ತಿಂಗಳ ಗೋಧಿ ಪೈರು. ಜೂನಿನಲ್ಲಿ ಅದು ಹೊಂಬಣ್ಣಕ್ಕೆ ತಿರುಗುತ್ತದೆ, ಕೊಯ್ಲಾದ ಮೇಲೆ ಉತ್ತ ಮಣ್ಣು ಕಂದಾಗುತ್ತದೆ. ಆಗಸ್ಟಿನಲ್ಲಿ ಹೋಗಿ ‘ಹಸಿರೆಲ್ಲಿ’ ಎಂದು ಕೇಳಿದವರನ್ನು ನಾನು ಕಂಡಿದ್ದೇನೆ. ವಾಲ್ ದೊರ್ಚಾಕ್ಕೆ ವಸಂತ, ಕಿಯಾಂತಿಗೆ ದ್ರಾಕ್ಷಿ ಕೊಯ್ಲಿನ ಸೆಪ್ಟೆಂಬರ್–ಅಕ್ಟೋಬರ್, ಕ್ರೆತೆಗೆ ಬಿಳಿ ಟ್ರಫಲ್ ಅಣಬೆಯೂ ಹೊಸ ಆಲಿವ್ ಎಣ್ಣೆಯೂ ಬರುವ ನವೆಂಬರ್ ಎಂದು ಹಂಚಿಕೊಳ್ಳಬಹುದು. ಚಳಿಗಾಲದಲ್ಲಿ ಹಲವು ಹೊಲಮನೆಗಳು ಬಾಗಿಲು ಹಾಕುತ್ತವೆ. ಸಿಯೆನಾ ಮಾತ್ರ ಯಾವಾಗಲೂ ಊರಾಗಿಯೇ ಇರುತ್ತದೆ.

ಊಟದ ವಿಷಯದಲ್ಲಿ ಊರೂರಿನ ವ್ಯತ್ಯಾಸಕ್ಕಿಂತ ಸಸ್ಯಾಹಾರಿ, ಮಾಂಸಾಹಾರಿ ಎಂಬ ವ್ಯತ್ಯಾಸವೇ ದೊಡ್ಡದು. ಸಸ್ಯಾಹಾರಿಗಳಿಗೆ ಈ ಸೀಮೆಯ ವರವೆಂದರೆ ಪಿಚಿ ಎಂಬ ಪಾಸ್ತಾ. ಗೋಧಿಹಿಟ್ಟು, ನೀರು, ತುಸು ಎಣ್ಣೆ ಸೇರಿಸಿ ನಾದಿದ ಕಣಕವನ್ನು ಪಟ್ಟಿಯಾಗಿ ಕೊಯ್ದು, ಹಲಗೆಯ ಮೇಲೆ ಅಂಗೈಯಿಂದ ಹೊಸೆಯುತ್ತಾರೆ. ನಮ್ಮಲ್ಲಿ ದೀಪದ ಬತ್ತಿ ಹೊಸೆದ ಕೈಗಳಿಗೆ ಆ ಚಲನೆ ಕೂಡಲೇ ಗುರುತು ಸಿಗುತ್ತದೆ: ಒಂದು ಕೈ ಹೊಸೆಯುತ್ತಿದ್ದಂತೆ ಇನ್ನೊಂದು ಕೈ ಮೆಲ್ಲಗೆ ಎಳೆಯುತ್ತದೆ, ಎಳೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಅಂಟದಿರಲೆಂದು ಮೇಲೆ ರವೆಯಂಥ ಹಿಟ್ಟು ಉದುರಿಸಿ ಸುರುಳಿ ಸುತ್ತಿಡುತ್ತಾರೆ. ಟೊಮೆಟೊ ಮತ್ತು ಆಲ್ಯೊನೆ ಎಂಬ ದೈತ್ಯ ಬೆಳ್ಳುಳ್ಳಿಯ ಸಾಸಿನಲ್ಲೋ, ಎಣ್ಣೆಯಲ್ಲಿ ಹುರಿದ ಒಣಬ್ರೆಡ್ಡಿನ ಪುಡಿಯಲ್ಲೋ ಕಲಸಿ ಕೊಡುವ ಪಿಚಿಯನ್ನು ವಾಲ್ ದೊರ್ಚಾದಲ್ಲೂ ಮೊಂತೆಪುಲ್ಚಾನೊ ಕಡೆಯಲ್ಲೂ ತಿನ್ನಬೇಕು. ಬೀನ್ಸು ಕಾಳು, ಕಪ್ಪು ಎಲೆಕೋಸು, ತಂಗಳು ಬ್ರೆಡ್ಡು ಹಾಕಿದ ರಿಬೊಲ್ಲಿತಾ ಎಂಬ ಗಟ್ಟಿ ಸೂಪು ನೋಡಲು ನಿರಪಾಯ, ಆದರೆ ಕೆಲವರು ಮಾಂಸದ ಕಟ್ಟು ಸೇರಿಸುತ್ತಾರೆ. ‘ಸೆಂತ್ಸಾ ಕಾರ್ನೆ’ ಎಂದರೆ ಮಾಂಸದ ತುಂಡು ಬರುವುದಿಲ್ಲ ಅಷ್ಟೆ, ‘ಸೆಂತ್ಸಾ ಬ್ರೋದೊ ದಿ ಕಾರ್ನೆ’ ಎಂದೂ ಹೇಳಬೇಕು. ಪೆಕೊರಿನೊವನ್ನು ಸಾಂಪ್ರದಾಯಿಕವಾಗಿ ಹೆಪ್ಪುಗಟ್ಟಿಸುವುದು ಕುರಿಮರಿಯ ಜಠರದ ಕಿಣ್ವದಿಂದ. ಅದು ಬೇಡವಾದವರು ‘ಕಾಲ್ಯೊ ವೆಜೆತಾಲೆ’ ಎಂದು ಬರೆದಿರುವುದನ್ನು ಕೇಳಿ ಕೊಳ್ಳಲಿ. ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಅದು ಮಾಣಿಯ ಮರೆವಲ್ಲ. ರಾತ್ರಿಯೂಟ ಏಳೂವರೆಗೆ ಮೊದಲು ಸಿಗುವುದು ಕಷ್ಟ. ಮಕ್ಕಳಿಗೆ ಏನಾದರೂ ಇಟ್ಟುಕೊಂಡಿರಬೇಕು.

ಮಾಂಸಾಹಾರಿಗಳಿಗೆ ಚಿಂತಾ ಸೆನೆಸೆ ಎಂಬ ಸ್ಥಳೀಯ ತಳಿಯ ಹಂದಿಯ ಒಣಮಾಂಸವೂ ಕಿಯಾನಿನಾ ದನದ ಮಾಂಸವೂ ಎಲ್ಲ ಕಡೆ ಸಿಗುತ್ತವೆ. ಸಿಹಿಗೆ ಮಾತ್ರ ಸಿಯೆನಾ ನಗರವೇ ಮೇಲು. ಬಾದಾಮಿ, ಸಕ್ಕರೆಪಾಕದ ಹಣ್ಣಿನ ಸಿಪ್ಪೆ, ಜೇನು, ದಾಲ್ಚಿನ್ನಿ, ಕೊತ್ತಂಬರಿ ಬೀಜ, ಮೆಣಸು ಸೇರಿದ ಪಾನ್‌ಫೋರ್ತೆಯ ಒಂದು ತುಣುಕಿನಲ್ಲಿ ನಮ್ಮ ಪಡುವಣ ಕರಾವಳಿಯಿಂದ ಹಡಗು ಹತ್ತಿದ ಸಾಂಬಾರದ ಚರಿತ್ರೆಯೇ ಇದೆ; ಮೊಟ್ಟೆ ಇಲ್ಲದ್ದರಿಂದ ಮನೆಗೂ ಕಟ್ಟಿಸಿಕೊಂಡು ಬರಬಹುದು. ರಿಚಾರೆಲ್ಲಿ ಎಂಬ ಬಾದಾಮಿ ಬಿಸ್ಕತ್ತಿನಲ್ಲಿ ಮೊಟ್ಟೆಯ ಬಿಳಿ ಇರುತ್ತದೆ.

ಐದು ರಾತ್ರಿ ಇರುವವರು ಎರಡು ನೆಲೆ ಹಿಡಿಯಲಿ: ಮೂರು ರಾತ್ರಿ ಸಾನ್ ಕ್ವಿರಿಕೊ, ಎರಡು ರಾತ್ರಿ ಸಿಯೆನಾ. ಅದೇ ಕ್ರಮದಲ್ಲಿ ಹೋಗಬೇಕೆಂಬುದು ನನ್ನ ಹಟ. ಕಾರನ್ನು ಸಿಯೆನಾ ತಲುಪಿದ ಕೂಡಲೇ ಮರಳಿಸಿದರೆ ನಿಲುಗಡೆಯ ಖರ್ಚೂ ಉಳಿಯುತ್ತದೆ. ಹೊಲಗಳಲ್ಲಿ ಮೂರು ದಿನ ಅಲೆದ ಮೇಲೆ ಲೊರೆನ್ಸೆತ್ತಿಯ ಗೋಡೆಯ ಮುಂದೆ ನಿಂತವರಿಗೆ ಅಲ್ಲಿರುವ ದಿಬ್ಬ, ದ್ರಾಕ್ಷಿ ಸಾಲು, ಬಿಳಿಯ ಮಣ್ಣುದಾರಿ ಎಲ್ಲವೂ ಮೊನ್ನೆ ಕಂಡವೇ ಆಗಿರುತ್ತವೆ. ನಗರದ ಬಾಗಿಲಿನ ಕಡೆಗೆ ಒಬ್ಬ ರೈತ ಹೊಡೆದುಕೊಂಡು ಹೋಗುತ್ತಿರುವ ಕಪ್ಪು ಹಂದಿಯನ್ನು ಹುಡುಕಿ ನೋಡಿ: ಭುಜದ ಸುತ್ತ ಬಿಳಿಯ ಪಟ್ಟಿಯಿರುವ ಆ ಹಂದಿ, ಊಟದ ಪಟ್ಟಿಯಲ್ಲಿ ನೀವು ಓದಿದ್ದ ಚಿಂತಾ ಸೆನೆಸೆಯೇ.